ವೃದ್ಧಾಶ್ರಮದ ಅರ್ಜಿಯೊಳಗ ‘ರಕ್ತಸಂಬಂಧಿ ಸಹಿ’: ಸಲಿಂಗಿ, ಟ್ರಾನ್ಸ್‌ಜೆಂಡರ್ ಹಿರಿಯರಿಗೆ ಯಾವ ಕಾಗದ ಕೈ ಹಿಡೀತೈತಿ?

ಘಟಪ್ರಭಾ_ದಂಡಿ (ಬೆಳಗಾವಿ)

ತಿಂಗಳಾ ರೊಕ್ಕಾ ತಗೊಂಡು ನಡೆಸೋ ವೃದ್ಧಾಶ್ರಮಗಳ ಪ್ರವೇಶ ಅರ್ಜಿಯೊಳಗ ಮೂರು ಸಾಲು ಈ ಹಿರಿಯರನ್ನ ಬಾಗಲದಾಗ ನಿಲ್ಲಸ್ತಾವ. ಒಂದು, ‘ಮಕ್ಕಳು ಅಥವಾ ರಕ್ತಸಂಬಂಧಿಯ ಸಹಿ’. ಎರಡು, ಲಿಂಗದ ಮುಂದ ಗಂಡು, ಹೆಣ್ಣು ಎರಡ ಮನಿ. ಮೂರು, ‘ಸಂಸ್ಥೆಯ ಶಿಸ್ತಿಗೆ ಧಕ್ಕೆ ಬಂದಲ್ಲಿ ಕಾರಣ ನೀಡದೆ ಬಿಡಿಸುವ ಹಕ್ಕು’. ಮೂವತ್ತು ವರ್ಷ ಕೂಡಿ ಬಾಳಿದ ಇಬ್ಬರು ಹೆಣ್ಣುಮಕ್ಕಳೊಳಗ ಒಬ್ಬಾಕಿ ಹಾಸಿಗಿ ಹಿಡಿದ್ರ ಇನ್ನೊಬ್ಬಾಕಿ ಸಹಿ ನಡಿಯೂದಿಲ್ಲ ಅಂತಾರ. ಮಂಗಳಮುಖಿಯರು ಹೋದ್ರ ‘ಯಾವ ವಾರ್ಡಿನಾಗ ಹಾಕೋದು’ ಅನ್ನೋದರಾಗ ಮಾತು ಮುಗೀತೈತಿ.

ಕಾನೂನು ಎಲ್ಲಿ ಕೈ ಹಿಡೀತೈತಿ, ಎಲ್ಲಿ ಬಿಡತೈತಿ, ಯಾವ ಕಾಗದ ಯಾವಾಗ ಮಾಡಸಬೇಕು, ಗೊತ್ತಿದ್ದವರು ಕಲಂ ಸಮೇತ ಬರೀರಿ. ಊರ ಸುದ್ದಿ ಬ್ಯಾಡ್ರಿ, ನಾಳೆ ಕಚೇರಿಗೆ ಹೋದ್ರ ಉಪಯೋಗಕ್ಕ ಬರಬೇಕು.

ಕರಿಕೋಟು_ಬಾಗಲಕೋಟೆ

ಮೊದಲೇ ಒಂದು ಮಾತು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದೆ ಎಲ್ಲವೂ ಕಲಸುಮೇಲೋಗರ ಆಗುತ್ತದೆ. ಟ್ರಾನ್ಸ್‌ಜೆಂಡರ್ ಹಿರಿಯರಿಗೆ ಹೆಸರು ಹಿಡಿದು ರಕ್ಷಣೆ ಕೊಡುವ ಕಾಯ್ದೆ ಇದೆ. ಸಲಿಂಗಿ ಗಂಡಸರಿಗೆ, ಹೆಂಗಸರಿಗೆ ಅಂಥ ಕಾಯ್ದೆ ಇಲ್ಲ. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪು ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮಿನ ಭಯ ತೆಗೆಯಿತು, ಅಷ್ಟೇ. ಖಾಸಗಿ ವೃದ್ಧಾಶ್ರಮ ‘ನಿಮ್ಮನ್ನು ತಗೊಳ್ಳೋದಿಲ್ಲ’ ಅಂದರೆ ನೇರವಾಗಿ ತೋರಿಸಲು ಒಂದು ಕಲಂ ಸಿಗುವುದಿಲ್ಲ. 2023ರ ಅಕ್ಟೋಬರ್ 17ರ ಸುಪ್ರಿಯೋ ತೀರ್ಪು ಮದುವೆಯ ಹಕ್ಕನ್ನೂ ಕೊಡಲಿಲ್ಲ. ಹಾಗಾಗಿ ಸಂಗಾತಿ ಕಾನೂನಿನ ಕಣ್ಣಲ್ಲಿ ಇಂದಿಗೂ ಹೊರಗಿನವರು. ಅವರನ್ನು ಒಳಗೆ ತರುವುದು ಕಾಗದಗಳ ಮೂಲಕ ಮಾತ್ರ, ಆ ಕಾಗದ ಆಗಬೇಕಾದದ್ದು ಹಿರಿಯರ ಬುದ್ಧಿ ಚುರುಕಾಗಿರುವಾಗ.

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆ 2019, ಜಾರಿಯಾದದ್ದು 2020ರ ಜನವರಿ 10ರಂದು. ಇದರ 3ನೇ ಕಲಂ ತೆಗೆದು ಕೊನೆಯ ಸಾಲು ಓದಿ. ಯಾರ ಆರೈಕೆಯಲ್ಲಿ ಅಥವಾ ಸುಪರ್ದಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿ ಇರಬಹುದೋ ಅಂಥ ಸರ್ಕಾರಿ ಅಥವಾ ಖಾಸಗಿ ಸಂಸ್ಥೆ ಪ್ರವೇಶ ನಿರಾಕರಿಸುವುದು, ಹೊರಹಾಕುವುದು, ಅನ್ಯಾಯವಾಗಿ ನಡೆಸಿಕೊಳ್ಳುವುದು ನಿಷಿದ್ಧ. ವೃದ್ಧಾಶ್ರಮ ಎಂಬ ಪದ ಅಲ್ಲಿಲ್ಲ, ಆದರೆ ವೃದ್ಧಾಶ್ರಮಕ್ಕೆ ಇದಕ್ಕಿಂತ ಹತ್ತಿರದ ಮಾತು ಬೇರೆಲ್ಲೂ ಇಲ್ಲ. ‘ನಮ್ಮದು ಟ್ರಸ್ಟು, ನಮಗೆ ಅನ್ವಯ ಆಗೋದಿಲ್ಲ’ ಎಂದರೆ 2ನೇ ಕಲಮಿನ ವ್ಯಾಖ್ಯೆ ತೋರಿಸಿ. ಟ್ರಸ್ಟ್, ಸೊಸೈಟಿ, ಸಹಕಾರ ಸಂಘ, ಏಜೆನ್ಸಿ ಎಲ್ಲವೂ ಅದರೊಳಗೆ ಬಂದಿವೆ.

ಇದರ ದುರ್ಬಲ ಜಾಗವನ್ನೂ ಹೇಳಬೇಕು. 3ನೇ ಕಲಂ ನಿಷೇಧಿಸುತ್ತದೆ, ಶಿಕ್ಷೆ ಹೇಳುವುದಿಲ್ಲ. ಶಿಕ್ಷೆ ಇರುವುದು 18ನೇ ಕಲಮಿನಲ್ಲಿ: ವಾಸದ ಜಾಗದಿಂದ ಬಲವಂತವಾಗಿ ಹೊರಡಿಸಿದರೆ, ದೈಹಿಕ, ಲೈಂಗಿಕ, ಮಾತಿನ, ಭಾವನಾತ್ಮಕ ಅಥವಾ ಆರ್ಥಿಕ ದೌರ್ಜನ್ಯ ಮಾಡಿದರೆ 6 ತಿಂಗಳಿಂದ 2 ವರ್ಷ ಸೆರೆ ಮತ್ತು ದಂಡ. ಪ್ರವೇಶವೇ ಕೊಡದಿದ್ದರೆ ಪೊಲೀಸ್ ಠಾಣೆಯಲ್ಲಿ ಕೆಲಸ ಆಗುವುದು ಕಷ್ಟ, ಆಗ ಡಿಸಿ ಕಚೇರಿ ಮತ್ತು ಹೈಕೋರ್ಟ್ ದಾರಿ. 2025ರ ಅಕ್ಟೋಬರ್ 17ರಂದು ಜೇನ್ ಕೌಶಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ನಿರ್ಲಕ್ಷಿಸಿದ್ದಕ್ಕೆ ಪರಿಹಾರ ಕೊಡಿಸಿದೆ. ಅದು ಉದ್ಯೋಗದ ಪ್ರಕರಣವಾದರೂ ರಿಟ್ ಅರ್ಜಿಯಲ್ಲಿ (ಹಕ್ಕು ಕೇಳಿ ನೇರ ಹೈಕೋರ್ಟಿಗೆ ಹಾಕುವ ಅರ್ಜಿ) ಉಲ್ಲೇಖಿಸಬೇಕು. ಬೆಳಗಾವಿ, ಬಾಗಲಕೋಟೆಯವರ ರಿಟ್ ಧಾರವಾಡ ಪೀಠಕ್ಕೆ, ವಿಜಯಪುರದವರದ್ದು ಕಲಬುರಗಿ ಪೀಠಕ್ಕೆ. ಧಾರವಾಡ ಹತ್ತಿರ ಅಂತ ವಿಜಯಪುರದವರು ಅಲ್ಲಿಗೆ ಹೋಗಿ ದಿನ ಕಳೆದುಕೊಳ್ಳಬೇಡಿ.

ಸವದತ್ತಿ_ಹಾದಿ

ವಕೀಲರ ಮಾತಿಗೆ ಒಂದು ಸೇರಸ್ತೀನಿ. ಎಲ್ಲಮ್ಮನಿಗೆ ಬಿಟ್ಟ, ಸೀರಿ ಉಡೋ ಜೋಗಪ್ಪಗಳನ್ನ ‘ಇವರು ದೇವರಿಗೆ ಬಿಟ್ಟವರು, ಟ್ರಾನ್ಸ್‌ಜೆಂಡರ್ ಅಲ್ಲ’ ಅಂತ ಕಚೇರಿಯೊಳಗ ವಾಪಸ್ ಕಳಸ್ತಾರ. ಆ 2ನೇ ಕಲಮಿನಾಗ ಕಿನ್ನರ್, ಹಿಜ್ರಾ, ಅರವಾಣಿ ಜೋಡಿ ‘ಜೋಗ್ತಾ’ ಅಂತ ಅಚ್ಚಾಗೈತ್ರಿ. ಆ ಹಾಳಿ ಝೆರಾಕ್ಸ್ ತಗಿಸಿ, ಆ ಪದದ ಕೆಳಗ ಗೆರಿ ಹೊಡದು ಇಟಗೋಬೇಕು.

ಎಲ್ಲಾ ಜೋಗಪ್ಪಗಳು ತಮ್ಮನ್ನ ಟ್ರಾನ್ಸ್‌ಜೆಂಡರ್ ಅಂತ ಕರಕೊಳ್ಳೂದಿಲ್ಲ, ಅದಕ್ಕ ಒತ್ತಾಯ ಮಾಡಬಾರದು. ಡಿಸಿ ಕೊಡೋ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಬ್ಯಾಡ ಅಂದವರಿಗೂ 3ನೇ ಕಲಂ ಐತಿ. ‘ಕಾರ್ಡ್ ಇದ್ದವರಿಗಷ್ಟ’ ಅಂತ ಆ ಕಲಮಿನಾಗ ಎಲ್ಲೂ ಬರದಿಲ್ಲ.

ಇನ್ನೊಂದು, ಜಡಿ, ಅಂದ್ರ ಗಂಟಗಟ್ಟಿದ ಕೂದಲಾ. ಎಲ್ಲಮ್ಮನ ಜಡಿ ಬಂದವರು ಹಾಸಿಗಿ ಹಿಡಿದ ಕೂಡಲೇ ಸ್ವಚ್ಛತಾ ಹೆಸರಲೇ ಆಶ್ರಮದವರು ಕತ್ತರಿ ಹಚ್ಚತಾರ. ಒಪ್ಪಿಗಿ ಇಲ್ಲದ ಜಡಿ ಕತ್ತರಸೂದು, ಸೀರಿ ಬಿಡಸಿ ಲುಂಗಿ ಉಡಸೂದು, ಮುತ್ತಿನ ಸರ ಕಸಗೊಳ್ಳೂದು, ಇವೆಲ್ಲಾ 18ನೇ ಕಲಮಿನ ದೈಹಿಕ ಮತ್ತು ಭಾವನಾತ್ಮಕ ದೌರ್ಜನ್ಯದಾಗ ಬರೋ ಮಾತು. ಹೇನು, ಹುಣ್ಣು ಆಗಿದ್ರ ಔಷಧ ಹಚ್ಚಬೇಕು, ಕತ್ತರಿ ಕಡೀ ಮಾತು. ಅದೂ ಡಾಕ್ಟರು ಬರದು ಕೊಟ್ಟು, ಆ ಹಿರಿಯರು ಹೂಂ ಅಂದ ಮ್ಯಾಲೆ. ಪ್ರವೇಶದ ದಿನಾನ ‘ಜಡೆಯನ್ನು ನನ್ನ ಲಿಖಿತ ಒಪ್ಪಿಗೆಯಿಲ್ಲದೆ ತೆಗೆಯತಕ್ಕದ್ದಲ್ಲ’ ಅಂತ ಒಂದು ಸಾಲು ಅರ್ಜಿಗೆ ಹಚ್ಚರಿ.

ಗುಮ್ಮಟದ_ನೆರಳು (ವಿಜಯಪುರ)

ದೂರು ಹ್ಯಾಂಗ ಕೊಡಬೇಕು ಅನ್ನೂದು ಯಾರೂ ಬರದಿಲ್ಲ. 2019ರ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರತಿ ಸಂಸ್ಥಾ ಒಬ್ಬ ದೂರು ಅಧಿಕಾರಿನ್ನ ನೇಮಿಸಬೇಕು. 2020ರ ನಿಯಮದಾಗ ಲೆಕ್ಕಾ ಅದ: ದೂರು ಬಂದ 15 ದಿವಸದಾಗ ವಿಚಾರಣಾ, ವರದಿ ಬಂದ 15 ದಿವಸದಾಗ ಸಂಸ್ಥಾದ ಮುಖ್ಯಸ್ಥರು ಕ್ರಮ ತಗೋಬೇಕು. ಅಂದ್ರ 30 ದಿವಸ.

ಬಾಯಿ ಮಾತಿನ ದೂರು ದೂರಲ್ಲ. ಎರಡು ಪ್ರತಿ ಬರೀರಿ. ತಾರೀಖು, ಹೊತ್ತು, ಯಾರು ಏನಂದ್ರು ಅಂತ ಅದೇ ಶಬ್ದದಾಗ. ಎರಡನೇ ಪ್ರತಿ ಮ್ಯಾಲೆ ‘ಸ್ವೀಕರಿಸಿದೆ’ ಅಂತ ಸಹಿ, ಸಿಕ್ಕಾ. ಸಿಕ್ಕಾ ಹಾಕೂದಿಲ್ಲ ಅಂದ್ರ ಅದೇ ದಿವಸ ರಜಿಸ್ಟರ್ ಪೋಸ್ಟ್ ಮಾಡಿ ಚೀಟಿ ಇಟ್ಕೋರಿ. ದೂರು ಅಧಿಕಾರಿ ಯಾರು ಅಂತ ಕೇಳಿದ್ರ ಬಹಳ ಕಡೆ ಯಾರೂ ಇರೂದಿಲ್ಲ. ಅದೂ ನಿಮ್ಮ ಕಡೆನ ಒಂದು ಅಂಶ ಆಗ್ತದ, ‘ಅಧಿಕಾರಿ ನೇಮಿಸಿಲ್ಲ’ ಅಂತ ದೂರಿನೊಳಗ ಮೊದಲ ಸಾಲು ಬರೀರಿ. 31ನೇ ದಿವಸ ಅದರ ನಕಲು ಹಚ್ಚಿ ಡಿಸಿ ಆಫೀಸಿಗೆ ಕೊಡ್ರಿ. ನಿಯಮದ ಪ್ರಕಾರ ಟ್ರಾನ್ಸ್‌ಜೆಂಡರ್ ಸಂರಕ್ಷಣಾ ಕೋಶ ಪ್ರತಿ ಜಿಲ್ಲಾದಾಗ ಜಿಲ್ಲಾಧಿಕಾರಿ ಕೈಕೆಳಗ ಇರಬೇಕು. ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ಸಹಾಯಕ್ಕ 15100. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಇದ್ರ ಆದಾಯ ನೋಡದ ವಕೀಲರನ್ನ ಕೊಡ್ತಾರ.

ಇನ್ನ ಗರಿಮಾ ಗೃಹದ (ಟ್ರಾನ್ಸ್‌ಜೆಂಡರ್ ಮಂದಿಗೆ ಕೇಂದ್ರ ಸರ್ಕಾರದ ಆಶ್ರಯ ಮನಿ) ಹೆಸರು ಹೇಳಿ ಹಿರಿಯರನ್ನ ಸಾಗಹಾಕವರು ಇದ್ದಾರ. ಅದರ ವಯಸ್ಸಿನ ಮಿತಿ 18ರಿಂದ 60. 68 ವರ್ಷದವರಿಗೆ ಅದು ದಾರಿನ ಅಲ್ಲ.

ಘಟಪ್ರಭಾ_ದಂಡಿ

ಭಾಳ ಛಲೋ ಆತ್ರಿ. ಈಗ ಸಹಿ ಸುದ್ದಿಗೆ ಬರ್ರಿ. ಸಂಗಾತಿ ಹೆಸರಿಗೆ ಒಂದು ಮುಖ್ತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ರಜಿಸ್ಟರ್ ಮಾಡಿಸಿಬಿಟ್ರ ಎಲ್ಲಾ ಮುಗೀತಲ್ಲಾ?

ಕರಿಕೋಟು_ಬಾಗಲಕೋಟೆ

ಮುಗಿಯುವುದಿಲ್ಲ, ದಂಡಿಯವರೇ. ಎಲ್ಲರೂ ಎಡವುವ ಜಾಗ ಇದೇ. ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಮುಖ್ತ್ಯಾರ ಪತ್ರ ಬರೆದುಕೊಟ್ಟವರ ಬುದ್ಧಿಸ್ಥಿಮಿತ ತಪ್ಪಿದ ದಿನ ಆ ಅಧಿಕಾರವೂ ಕೊನೆಯಾಗುತ್ತದೆ. ಡಿಮೆನ್ಶಿಯಾ (ಮರೆವಿನ ಕಾಯಿಲೆ) ಬಂದ ಮೇಲೆ ಬೇಕಾಗುತ್ತದೆ ಅಂತ ಮಾಡಿಸಿದ ಕಾಗದ ಡಿಮೆನ್ಶಿಯಾ ಬಂದ ಮೇಲೆಯೇ ಸಾಯುತ್ತದೆ. ಬೇರೆ ಕೆಲವು ದೇಶಗಳಲ್ಲಿರುವ, ಬುದ್ಧಿ ಹೋದ ಮೇಲೂ ಉಳಿಯುವ ಮುಖ್ತ್ಯಾರಿಗೆ ನಮ್ಮ ಕಾನೂನಿನಲ್ಲಿ ಜಾಗ ಇಲ್ಲ. ಬ್ಯಾಂಕು, ತೆರಿಗೆ, ಬಾಡಿಗೆ ವಸೂಲಿಯಂಥ ದಿನನಿತ್ಯದ ಕೆಲಸಕ್ಕೆ ಮಾಡಿಸಿ, ಚಿಕಿತ್ಸೆಗೆ ಅದನ್ನೇ ನಂಬಬೇಡಿ.

ಚಿಕಿತ್ಸೆಗೆ ಬೇಕಾದ್ದು ಬೇರೆ ಎರಡು ಕಾಗದ.

ಮೊದಲನೆಯದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 14ನೇ ಕಲಂ, ನಾಮನಿರ್ದೇಶಿತ ಪ್ರತಿನಿಧಿ. ಬಿಳಿ ಹಾಳೆ ಸಾಕು, ಸಹಿ ಅಥವಾ ಹೆಬ್ಬೆಟ್ಟು ಸಾಕು, ಸ್ಟಾಂಪ್ ಬೇಡ. ‘ಸದರಿ ಕಲಮಿನ ಅನ್ವಯ ನಾನು ಇಂಥವರನ್ನು ನನ್ನ ನಾಮನಿರ್ದೇಶಿತ ಪ್ರತಿನಿಧಿಯಾಗಿ ನೇಮಿಸಿದ್ದೇನೆ’ ಎಂದು ಬರೆದು ತಾರೀಖು ಹಾಕಿ. ಆ ಪ್ರತಿನಿಧಿ ರಕ್ತಸಂಬಂಧಿ ಆಗಿರಬೇಕೆಂದು ಕಾಯ್ದೆ ಹೇಳುವುದಿಲ್ಲ, ಪ್ರಾಯ ತುಂಬಿರಬೇಕು ಮತ್ತು ಒಪ್ಪಿಗೆಯನ್ನು ಬರೆದು ಕೊಡಬೇಕು. ಇವರ ಸ್ಥಾನ ಸಂಬಂಧಿಕರಿಗಿಂತ ಮೇಲಿನದು. ಈ ಕಾಗದ ಇಲ್ಲದಿದ್ದರೆ ಸರದಿ ಸಂಬಂಧಿಕರಿಗೆ ಮೊದಲು ಬರುತ್ತದೆ, ಜೊತೆಗೆ ಇದ್ದು ನೋಡಿಕೊಳ್ಳುವವರಿಗೆ ಆಮೇಲೆ. ಇದೇ ಕಾಯ್ದೆಯ 18ನೇ ಕಲಮಿನಲ್ಲಿ ಲೈಂಗಿಕ ಒಲವಿನ ಆಧಾರದ ಮೇಲೆ ಭೇದ ಮಾಡಬಾರದು ಎಂದು ಬಾಯಿಬಿಟ್ಟು ಹೇಳಿದೆ. ಸಲಿಂಗಿ ಹಿರಿಯರಿಗೆ ಹೆಸರು ಹಿಡಿದು ಸಿಗುವ ಅಪರೂಪದ ರಕ್ಷಣೆ ಇದು, ಆದರೆ ಮಾನಸಿಕ ಆರೋಗ್ಯ ಸೇವೆಗೆ ಸೀಮಿತ.

ಎರಡನೆಯದು ಕೊನೆಗಾಲದ ಚಿಕಿತ್ಸೆಯ ಮುಂಗಡ ಸೂಚನೆ, ಜನ ಲಿವಿಂಗ್ ವಿಲ್ ಅನ್ನುವುದು. 2018ರ ಕಾಮನ್ ಕಾಸ್ ತೀರ್ಪಿನ ನಿಬಂಧನೆ ಬಿಗಿಯಾಗಿತ್ತು, ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರಂದು ಸಡಿಲಿಸಿದರು. ಈಗ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಕರ್ನಾಟಕ ಸರ್ಕಾರ ಇದರ ಜಾರಿಗೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ತೀರ್ಪಿನಲ್ಲಿರುವ ಮಾತು ‘ಗಾರ್ಡಿಯನ್ ಅಥವಾ ಹತ್ತಿರದ ಸಂಬಂಧಿ’. ಆದ್ದರಿಂದ ಸಂಗಾತಿಯನ್ನು ‘ಸ್ನೇಹಿತ’ ಎಂದು ಬರೆಯಬೇಡಿ, ‘ನಾನು ನೇಮಿಸಿದ ಗಾರ್ಡಿಯನ್’ ಎಂದೇ ಬರೆಯಿರಿ. ಒಬ್ಬರಿಗಿಂತ ಹೆಚ್ಚು ಹೆಸರು ಕೊಡಬಹುದು, ಕೊಡಿ. ಸಂಗಾತಿಗೂ ವಯಸ್ಸಾಗಿರುತ್ತದೆ.

ಅರಿವು ಇರುವ ರೋಗಿಯ ಆಪರೇಷನ್ನಿಗೆ ಅವರದೇ ಸಹಿ ಸಾಕು ಎಂಬುದನ್ನು ಆಸ್ಪತ್ರೆಗಳೇ ಮರೆತಿವೆ. 2008ರ ಸಮೀರಾ ಕೊಹ್ಲಿ ತೀರ್ಪು ಇದನ್ನೇ ಹೇಳಿದೆ, ಪ್ರಾಯದ ರೋಗಿಯ ಬದಲಿಗೆ ತಾಯಿ ಕೊಟ್ಟ ಒಪ್ಪಿಗೆ ಕೂಡ ನಡೆಯಲಿಲ್ಲ. ಪ್ರಾಣಕ್ಕೆ ಬಂದಾಗ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಯಾರೂ ಇಲ್ಲದಾಗ, ಸದ್ಭಾವದಿಂದ ಚಿಕಿತ್ಸೆ ಮಾಡಿದ ವೈದ್ಯರಿಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ರಕ್ಷಣೆ ಕೊಡುತ್ತದೆ. ‘ರಕ್ತಸಂಬಂಧಿ ಬರುವ ತನಕ ಮುಟ್ಟುವುದಿಲ್ಲ’ ಎನ್ನಲು ಕಾರಣ ಇಲ್ಲ.

ವಾರ್ಡ್_ಸಿಸ್ಟರ್

ಅದಕ್ಕೇ ಪ್ರತಿನಿಧಿಯ ನೇಮಕ ಪತ್ರ, ಲಿವಿಂಗ್ ವಿಲ್ ಎರಡೂ ಕೇಸ್ ಶೀಟಿನ ಮೊದಲ ಪುಟದಲ್ಲಿ ಪಿನ್ ಆಗಿರಬೇಕು. ರಾತ್ರಿ ಪಾಳಿಯವರು ಕಪಾಟು ಹುಡುಕುವುದಿಲ್ಲ, ಮೊದಲ ಪುಟ ನೋಡುತ್ತಾರೆ. ‘ಮೊದಲು ಕರೆ ಮಾಡಬೇಕಾದವರು’ ಅಂತ ಸಂಗಾತಿಯ ನಂಬರು, ಕೆಳಗೆ ಇನ್ನೊಬ್ಬರದ್ದು.

ವೈದ್ಯಕೀಯ ಮಾಹಿತಿಯ ಒಂದು ಪ್ರತ್ಯೇಕ ಹಾಳೆಯೂ ಬೇಕು. ಇದು ಮುಚ್ಚಿಟ್ಟರೆ ಜೀವಕ್ಕೆ ಕುತ್ತು, ಎಲ್ಲರಿಗೂ ತೋರಿಸಿದರೆ ಮಾನಕ್ಕೆ ಕುತ್ತು. ಡಾಕ್ಟರು, ನರ್ಸ್ ಮಾತ್ರ ನೋಡಬೇಕಾದ ಹಾಳೆ ಅಂತ ಮೇಲೆ ಬರೆಯಿರಿ. ಅದರಲ್ಲಿ ಏನಿರಬೇಕು ಅಂದರೆ:

ನಿರ್ವಾಣ ಆದವರಲ್ಲಿ (ಜನನಾಂಗ ತೆಗೆಸಿಕೊಂಡವರಲ್ಲಿ) ಮೂತ್ರದ ದಾರಿ ವರ್ಷಗಳ ಮೇಲೆ ಕಿರಿದಾಗಿರಬಹುದು. ಗೊತ್ತಿಲ್ಲದ ಅಟೆಂಡರ್ 16 ನಂಬರಿನ ಕ್ಯಾಥೆಟರ್ (ಮೂತ್ರದ ನಳಿಕೆ) ಒತ್ತಿ ಹಾಕಲು ಹೋದರೆ ಹರಿದು ರಕ್ತ ಬರುತ್ತದೆ. ಸಣ್ಣ ಅಳತೆಯದು ಬೇಕು, ಹೋಗದಿದ್ದರೆ ಎರಡನೇ ಸಲ ಒತ್ತದೆ ಯುರಾಲಜಿಯವರನ್ನು ಕರೆಯಬೇಕು. ಶಸ್ತ್ರಚಿಕಿತ್ಸೆಯಾದ ಟ್ರಾನ್ಸ್ ಮಹಿಳೆಯರಿಗೂ ಪ್ರಾಸ್ಟೇಟ್ ಗ್ರಂಥಿ ಉಳಿದಿರುತ್ತದೆ. ಮೂತ್ರ ಕಟ್ಟಿದಾಗ ‘ಹೆಣ್ಣು’ ಅಂತ ಬರೆದ ಫೈಲ್ ನೋಡಿ ಅದನ್ನು ಯಾರೂ ಪರೀಕ್ಷಿಸುವುದಿಲ್ಲ. ವೃಷಣ ತೆಗೆಸಿ ಹಾರ್ಮೋನ್ ತೆಗೆದುಕೊಳ್ಳದೆ ದಶಕ ಕಳೆದವರ ಮೂಳೆ ಟೊಳ್ಳಾಗಿರುವ ಸಂಭವ ಹೆಚ್ಚು, ಎತ್ತಿ ಕೂರಿಸುವಾಗ ಒಬ್ಬರೇ ಎಳೆಯಬಾರದು. ಈಸ್ಟ್ರೋಜನ್ ಮಾತ್ರೆ ತೆಗೆದುಕೊಳ್ಳುವವರಿಗೆ ವಯಸ್ಸಾದಂತೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ವೈದ್ಯರು ಅಂಟಿಸುವ ಪಟ್ಟಿಗೋ ಜೆಲ್ಲಿಗೋ ಬದಲಿಸಬಹುದು, ಆದರೆ ಆಶ್ರಮದವರು ‘ಈ ವಯಸ್ಸಿಗೆ ಇದೆಲ್ಲ ಯಾಕೆ’ ಅಂತ ತಾವಾಗಿ ನಿಲ್ಲಿಸುವಂತಿಲ್ಲ.

ಎಚ್‌ಐವಿ ಔಷಧಿ ಇದ್ದವರ ಮಾತು ಬೇರೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017, ಜಾರಿ 2018ರ ಸೆಪ್ಟೆಂಬರ್ 10. ಪ್ರವೇಶಕ್ಕೆ ಮೊದಲು ಎಚ್‌ಐವಿ ಟೆಸ್ಟ್ ತನ್ನಿ ಅನ್ನುವುದು ಆ ಕಾಯ್ದೆಯಲ್ಲಿ ನಿಷಿದ್ಧ. ಆರೈಕೆ ಸಂಸ್ಥೆಯಿಂದ ಹೊರಹಾಕುವುದೂ ನಿಷಿದ್ಧ. ಇದು ಸಲಿಂಗಿಗಳಿಗೂ, ಟ್ರಾನ್ಸ್‌ಜೆಂಡರ್ ಹಿರಿಯರಿಗೂ, ಎಲ್ಲರಿಗೂ ಒಂದೇ. ಎಆರ್‌ಟಿ (ಎಚ್‌ಐವಿ) ಮಾತ್ರೆಯನ್ನು ಬೇರೆ ಡಬ್ಬಿಗೆ ಹಾಕಿ ಕೊಡಿ, ಡಬ್ಬಿ ಮೇಲೆ ಹೊತ್ತು ಮಾತ್ರ ಬರೆದಿರಲಿ.

ಪಾಸ್‌ಬುಕ್_ಕಾಕಾ

ರೊಕ್ಕದ ಸುದ್ದಿ ನಾ ಬರೀತೀನಿ. 2024ರ ಆಗಸ್ಟ್ 28ರಂದು ಹಣಕಾಸು ಸಚಿವಾಲಯ ಸ್ಪಷ್ಟ ಮಾಡೈತಿ: ಇಂಥ ಸಂಗಾತಿಗಳು ಜಂಟಿ ಖಾತೆ ತಗೀಲಿಕ್ಕ, ಒಬ್ಬರಿಗೊಬ್ಬರು ನಾಮಿನಿ ಆಗಲಿಕ್ಕ ಯಾವ ನಿರ್ಬಂಧನೂ ಇಲ್ಲ. ಕೌಂಟರಿನಾಗ ‘ಸಂಬಂಧ’ ಅನ್ನೋ ಕಡೆ ಏನು ಬರೀಲಿ ಅಂತ ಅಂಜಬ್ಯಾಡ್ರಿ. ಖಾತೆ ‘ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು’ ಅನ್ನೋ ನಮೂನೆಯಾಗ ಇರಬೇಕು. ‘ಇಬ್ಬರೂ ಕೂಡಿ’ ಅಂತ ಇದ್ರ ಒಬ್ಬರು ಐಸಿಯುದಾಗ ಇದ್ದಾಗ ಚೆಕ್ಕ ನಡಿಯೂದಿಲ್ಲ, ಔಷಧಕ್ಕ ರೊಕ್ಕ ಇದ್ದೂ ಇಲ್ಲದಂಗ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ಕು ನಾಮಿನಿ ತನಕ ಇಡಬಹುದು.

ಆದ್ರ ನಾಮಿನಿ ಅಂದ್ರ ಮಾಲೀಕ ಅಲ್ರಿ. ನಾಮಿನಿ ರೊಕ್ಕ ಇಸಗೊಳ್ಳಾಂವ, ವಾರಸುದಾರರು ಕೇಳಿದ್ರ ಕೊಡಬೇಕು. ಶೇರಿನ ಬಗ್ಗೆ 2023ರ ಡಿಸೆಂಬರ್ 14ರಂದು ಶಕ್ತಿ ಯೆಜ್ದಾನಿ ಪ್ರಕರಣದಾಗ ಸುಪ್ರೀಂ ಕೋರ್ಟ್ ಇದನ್ನ ಹೇಳೈತಿ. ಇನ್ಶೂರನ್ಸದಾಗ ಇನ್ನೂ ಸೂಕ್ಷ್ಮ: ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳು ನಾಮಿನಿ ಇದ್ರ ರೊಕ್ಕ ಅವರದ ಆಕ್ಕೈತಿ, ಸಂಗಾತಿ ಆ ಸಾಲಿನಾಗ ಇಲ್ಲ. ಅದಕ್ಕ ನಾಮಿನಿ ಜೋಡಿ ಮೃತ್ಯುಪತ್ರ ಇರಲೇಬೇಕು. ಎರಡರಾಗೂ ಒಂದ ಹೆಸರು ಇದ್ರ ತಂಟೆ ಕಡಿಮಿ.

ಕರಿಕೋಟು_ಬಾಗಲಕೋಟೆ

ಕಾಕಾ ಅವರು ಹೇಳಿದ್ದು ಸರಿ. ಮೃತ್ಯುಪತ್ರ ಇಲ್ಲದೆ ತೀರಿಕೊಂಡರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪಟ್ಟಿಯಲ್ಲಿ ದೂರದ ಅಣ್ಣನ ಮಗ ಇದ್ದಾನೆ, ನಲವತ್ತು ವರ್ಷ ಜೊತೆಗಿದ್ದವರು ಇಲ್ಲ. ಮೃತ್ಯುಪತ್ರಕ್ಕೆ ಮುದ್ರಾಂಕ ಶುಲ್ಕ ಇಲ್ಲ, ಇಬ್ಬರು ಸಾಕ್ಷಿ ಸಾಕು, ನೋಂದಣಿ ಕಡ್ಡಾಯ ಅಲ್ಲ. ಆದರೂ ಮಾಡಿಸಿ, ಏಕೆಂದರೆ ಮುಂದೆ ‘ತಲೆ ಸರಿ ಇರಲಿಲ್ಲ, ಒತ್ತಾಯದಿಂದ ಬರೆಸಿದ್ದು’ ಎಂಬ ದಾವೆ ಖಂಡಿತ ಬರುತ್ತದೆ. ಅದೇ ವಾರದ ತಾರೀಖಿನ ವೈದ್ಯರ ಪ್ರಮಾಣಪತ್ರ ಹಚ್ಚಿ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಿರಲಿ, ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು.

ಬದುಕಿರುವಾಗ ವಿಷಯ ಯಾರಿಗೂ ತಿಳಿಯಬಾರದು ಎನ್ನುವವರಿಗೆ ನೋಂದಣಿ ಕಾಯ್ದೆಯ 42ನೇ ಕಲಂ ಇದೆ. ಮೊಹರು ಹಾಕಿದ ಲಕೋಟೆಯಲ್ಲಿ ಮೃತ್ಯುಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಒಳಗಿನದನ್ನು ಯಾರೂ ಓದುವುದಿಲ್ಲ. ತಾಲೂಕಿನ ಸಬ್‌ರಜಿಸ್ಟ್ರಾರ್ ಬಳಿ ಇದು ಆಗುವುದಿಲ್ಲ, ಜಿಲ್ಲಾ ಕಚೇರಿಗೇ ಹೋಗಬೇಕು.

ಮನೆಯನ್ನು ಈಗಲೇ ಸಂಗಾತಿಗೆ ದಾನಪತ್ರ ಮಾಡಿಕೊಡುವುದಾದರೆ ಎರಡು ಮಾತು ತಿಳಿದಿರಲಿ. ಕುಟುಂಬದವರಿಗೆ ಕೊಟ್ಟರೆ ಸಣ್ಣ ಸ್ಥಿರ ಶುಲ್ಕ, ಸಂಗಾತಿ ‘ಕುಟುಂಬ’ ಅಲ್ಲವಾದ್ದರಿಂದ ಮಾರುಕಟ್ಟೆ ಬೆಲೆಯ ಮೇಲೆ ಶೇ 5 ಮುದ್ರಾಂಕ, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಬಹಳ ಜನ ಈ ಲೆಕ್ಕ ನೋಡಿಯೇ ಹಿಂದೆ ಸರಿಯುತ್ತಾರೆ. ಅಂಥವರು ಮೃತ್ಯುಪತ್ರದಲ್ಲಿ ಸಂಗಾತಿಗೆ ಜೀವ ಇರುವ ತನಕ ವಾಸದ ಹಕ್ಕು ಬರೆದು, ಆಮೇಲೆ ಬೇಕಾದವರಿಗೆ ಹೋಗುವಂತೆ ಮಾಡಬಹುದು. ಸ್ವಯಾರ್ಜಿತ ಪೂರ್ತಿ ಬರೆಯಬಹುದು, ಪಿತ್ರಾರ್ಜಿತದಲ್ಲಿ ನಿಮ್ಮ ಹಿಸ್ಸೆ ಮಾತ್ರ.

ಅಣ್ಣನ ಮಗನಿಗೋ ಸಂಗಾತಿಗೋ ದಾನಪತ್ರ ಕೊಡುವುದೇ ಆದರೆ ಈ ಸಾಲು ಪತ್ರದ ಒಳಗೇ ಇರಬೇಕು: ‘ನನ್ನ ಜೀವಿತಾವಧಿಯಲ್ಲಿ ನನಗೆ ವಾಸ, ಊಟ, ಔಷಧೋಪಚಾರ ಮತ್ತು ಮೂಲಭೂತ ಸೌಕರ್ಯ ಒದಗಿಸತಕ್ಕದ್ದೆಂಬ ಷರತ್ತಿಗೆ ಒಳಪಟ್ಟು ಈ ದಾನ, ಷರತ್ತು ತಪ್ಪಿದಲ್ಲಿ ದಾನ ರದ್ದು.’ ಹಿರಿಯ ನಾಗರಿಕರ ಕಾಯ್ದೆ 2007ರ 23ನೇ ಕಲಂ ಕೆಲಸ ಮಾಡುವುದು ಈ ಸಾಲಿನ ಮೇಲೆ. 2022ರ ಸುದೇಶ್ ಛಿಕಾರಾ ತೀರ್ಪಿನಲ್ಲಿ ಷರತ್ತು ಸಾಬೀತಾಗದೆ ಹಿರಿಯರು ಸೋತರು. 2025ರ ಜನವರಿ 2ರ ಊರ್ಮಿಳಾ ದೀಕ್ಷಿತ್ ತೀರ್ಪು ಹಿರಿಯರ ಪರವಾಗಿ ಉದಾರವಾಗಿದೆ, ಆದರೂ ಷರತ್ತು ಬರೆದಿದ್ದರೆ ವಾದವೇ ಬೇಕಿಲ್ಲ.

ಗುಮ್ಮಟದ_ನೆರಳು (ವಿಜಯಪುರ)

ಆ 2007ರ ಕಾಯ್ದೆದಾಗ ಇನ್ನೊಂದು ಬಾಗಿಲ ಅದ, ಅದನ್ನ ಯಾರೂ ತಟ್ಟೂದಿಲ್ಲ. ಮಕ್ಕಳಿಲ್ಲದ 60 ವರ್ಷ ಮ್ಯಾಲಿನವರು, ತಮ್ಮ ಆಸ್ತಿ ಹಿಡಕೊಂಡು ಕೂತ ಅಥವಾ ಮುಂದ ವಾರಸಾ ಆಗೋ ಸಂಬಂಧಿಕರ ಮ್ಯಾಲೆ ಜೀವನಾಂಶ ಕೇಳಬಹುದು, 4ನೇ ಕಲಂ. ಸಲಿಂಗಿ ಅದಾರೋ, ಜೋಗಪ್ಪ ಅದಾರೋ ಅಂತ ಕಾಯ್ದೆ ಕೇಳೂದಿಲ್ಲ. ಅರ್ಜಿ ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಹತ್ರ. ಬೆಳಗಾವಿ ಜಿಲ್ಲಾದಾಗ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿ. ಬಾಗಲಕೋಟಿಗೆ ಬಾಗಲಕೋಟಿ, ಜಮಖಂಡಿ. ನಮಗ ವಿಜಯಪುರ, ಇಂಡಿ. ತಿಂಗಳಿಗೆ ₹10,000 ಮಿತಿ, ನೋಟಿಸ್ ಮುಟ್ಟಿದ ಮ್ಯಾಲೆ 90 ದಿವಸದಾಗ ತೀರ್ಮಾನ, ಹೆಚ್ಚಂದ್ರ ಇನ್ನ 30 ದಿವಸ. ಡಿಸಿಗೆ ಅಪೀಲು 60 ದಿವಸದಾಗ.

ಹಿರಿಯರಿಗೆ ಹೋಗಲಿಕ್ಕ ಆಗದಿದ್ರ ಅವರು ಬರದು ಅಧಿಕಾರ ಕೊಟ್ಟ ಯಾವುದೇ ವ್ಯಕ್ತಿ ಅರ್ಜಿ ಹಾಕಬಹುದು, 5ನೇ ಕಲಂ. ಸಂಗಾತಿಗೆ ಇಲ್ಲಿ ಜಾಗ ಅದ. ಒಂದು ಹಾಳಿ ಮ್ಯಾಲೆ ‘ನನ್ನ ಪರವಾಗಿ ಅರ್ಜಿ ಸಲ್ಲಿಸಲು ಇವರಿಗೆ ಅಧಿಕಾರ ನೀಡಿದ್ದೇನೆ’ ಅಂತ ಸಹಿ ಸಾಕು. ಅರ್ಜಿ ಜೋಡಿ ವಯಸ್ಸಿನ ಪುರಾವೆ, ಸಂಬಂಧಿಕರ ಹಂತೇಲಿ ಇರೋ ಹೊಲ-ಮನಿಯ ಉತಾರ (ದಾಖಲೆ), ಆಶ್ರಮದ ಪಾವತಿ, ಔಷಧದ ಬಿಲ್ ಆರು ತಿಂಗಳದ್ದು ಹಚ್ಚರಿ. ಉತಾರ ಇಲ್ಲದ ಅರ್ಜಿ ತಾರೀಖಿನ ಮ್ಯಾಲೆ ತಾರೀಖು ತಿಂತದ.

ಚಿಕ್ಕೋಡಿ_ಗಡಿ

ಇಬ್ಬರು ಗಂಡಸರು ಹೋಗಿ ‘ನಾವು ಸಂಗಾತಿಗಳು’ ಅಂತ ಆಶ್ರಮದಾಗ ಹೇಳಬೇಕೋ, ‘ಗೆಳ್ಯಾರು’ ಅಂದು ಒಂದು ಖೋಲಿ ಕೇಳಬೇಕೋ? ನನ್ನ ಮಟ್ಟಿಗೆ ಹೇಳದಿರೋದ ಛಲೋ ಅನಸತೈತಿ. ಹೇಳಿದ್ರ ಖೋಲಿ ಸಿಗೂದಿಲ್ಲ.

ಸವದತ್ತಿ_ಹಾದಿ

ನಾ ಒಪ್ಪೂದಿಲ್ರಿ. ಹೇಳದ ಸೇರಿದವರಿಗೆ ಅಡಗಿಯವರಿಂದ ಹಿಡದು ಕಾವಲುಗಾರನ ತನಕ ಎಲ್ಲರಿಗೂ ಅಂಜಿಕೊಂಡ ಇರೋ ಬಾಳೇವು ಆಕ್ಕೈತಿ. ಗೊತ್ತಾದ ದಿನ ಹಿಂಡ್ಲಿಕ್ಕ ಸುರು ಮಾಡ್ತಾರ.

ಕರಿಕೋಟು_ಬಾಗಲಕೋಟೆ

ಇಬ್ಬರ ಮಾತಿನಲ್ಲೂ ಹುರುಳಿದೆ. ಹೇಳುವ ಹೊಣೆ ಕಾನೂನಿನಲ್ಲಿ ಯಾರ ಮೇಲೂ ಇಲ್ಲ, ಅರ್ಜಿಯಲ್ಲಿ ಕೇಳದ ವಿಷಯ ಹೇಳದಿದ್ದರೆ ಅದು ವಂಚನೆಯೂ ಅಲ್ಲ. ಗೊತ್ತಾದ ಮೇಲೆ ‘ರೊಕ್ಕ ಕೊಡದಿದ್ದರೆ ಊರಿಗೆ ಹೇಳ್ತೀವಿ’ ಎಂದರೆ ಅದು ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆ. ಕೋಣೆಗೆ ಬೀಗ ಹಾಕಿದರೆ 127, ಅಕ್ರಮ ಬಂಧನ. ಮನೆಯವರೇ ಒಬ್ಬರನ್ನು ಎಳೆದೊಯ್ದು ಬೇರೆಡೆ ಇಟ್ಟು ಸಂಗಾತಿಯನ್ನು ನೋಡಲು ಬಿಡದಿದ್ದರೆ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವರನ್ನು ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹಾಕುವ ಅರ್ಜಿ. 2024ರ ಮಾರ್ಚ್ 11ರ ದೇವು ಜಿ. ನಾಯರ್ ತೀರ್ಪಿನ ಮಾರ್ಗಸೂಚಿಯಂತೆ ಸಂಗಾತಿ ಅಥವಾ ಸ್ನೇಹಿತರು ಹಾಕಿದ ಅರ್ಜಿಗೂ ಆದ್ಯತೆ ಕೊಡಬೇಕು, ಮನೆಯವರ ಎದುರಲ್ಲದೆ ಏಕಾಂತದಲ್ಲಿ ಆ ವ್ಯಕ್ತಿಯ ಇಚ್ಛೆ ಕೇಳಬೇಕು.

ನನ್ನ ಸಲಹೆ: ಗುರುತು ಹೇಳದೆಯೂ ರಕ್ಷಣೆ ಸಿಗುವಂತೆ ಕರಾರು ಬರೆಸಿ. ಕ್ಯಾಲಿಫೋರ್ನಿಯಾದವರು 2017ರಲ್ಲಿ ದೀರ್ಘಕಾಲದ ಆರೈಕೆ ಮನೆಗಳಿಗೆಂದೇ ಕಾನೂನು ಮಾಡಿ ಕೋಣೆ ಹಂಚಿಕೆ, ಕರೆಯುವ ಹೆಸರು, ಭೇಟಿಗೆ ಬರುವವರು, ಬಟ್ಟೆ ಇಂಥವನ್ನೆಲ್ಲ ಅದರಲ್ಲಿ ಹಾಕಿದರು. ನಮ್ಮಲ್ಲಿ ಅದನ್ನೇ ಆಶ್ರಮದ ಕರಾರಿನಲ್ಲಿ ಷರತ್ತಾಗಿ ಹಾಕಿಸಬಹುದು. ಇಂಥವರು ಯಾವ ಹೊತ್ತಿಗೂ ಭೇಟಿಗೆ ಬರಬಹುದು, ಇವರ ಜೊತೆಗೇ ಕೋಣೆ, ಸ್ನಾನ ಮಾಡಿಸುವವರು ಗಂಡೋ ಹೆಣ್ಣೋ ಎಂಬುದು ನಿವಾಸಿಯ ಆಯ್ಕೆ, ಬಿಡಿಸುವುದಾದರೆ ಕಾರಣ ಬರೆದು 30 ದಿನದ ನೋಟಿಸ್, ಠೇವಣಿ ಇಷ್ಟು ದಿನದಲ್ಲಿ ವಾಪಸ್. ‘ಶಿಸ್ತಿಗೆ ಧಕ್ಕೆ’ ಎಂಬ ಸಾಲು ಹೊಡೆದುಹಾಕಿಸಿ, ಬದಲಿಗೆ ಹೊಡೆದಾಟ, ಕಳವು, ಶುಲ್ಕ ಬಾಕಿ ಎಂದು ಬಿಡಿಸಿ ಬರೆಸಿ.

ಈ ಕರಾರು ಮುರಿದರೆ ಜಿಲ್ಲಾ ಗ್ರಾಹಕ ಆಯೋಗ, ಎರಡು ವರ್ಷದೊಳಗೆ. ಕೊಟ್ಟ ಶುಲ್ಕ ₹5 ಲಕ್ಷದೊಳಗಿದ್ದರೆ ಆಯೋಗದ ಫೀಸಿಲ್ಲ. ಎಚ್ಚರ ಇರಬೇಕಾದ್ದು ಪಾವತಿಯಲ್ಲಿ. ತಿಂಗಳ ಶುಲ್ಕಕ್ಕೆ ‘ದೇಣಿಗೆ’ ಅಂತ ರಸೀದಿ ಕೊಡುತ್ತಾರೆ. ಉಚಿತ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲವಾದ್ದರಿಂದ ನಾಳೆ ‘ಇವರು ದಾನಿಗಳು, ಗ್ರಾಹಕರಲ್ಲ’ ಎಂದು ವಾದ ಮಾಡುತ್ತಾರೆ. ಮೊದಲ ತಿಂಗಳಿಂದಲೇ ‘ವಸತಿ ಮತ್ತು ಆರೈಕೆ ಶುಲ್ಕ’ ಎಂದು ಬರೆಸಿಕೊಳ್ಳಿ, ಬ್ಯಾಂಕಿನ ಮೂಲಕವೇ ಕಟ್ಟಿ.

ಚಿಕ್ಕೋಡಿ_ಗಡಿ

ನಿಪ್ಪಾಣಿ, ಅಥಣಿ ಕಡೆಯವರು ದವಾಖಾನಿಗೆ ಮಿರಜ, ಸಾಂಗಲಿ ಅಂತ ಹೋಗ್ತೀವಿ. ಆ ಕಡೆ ಈ ಕಾಗದ ನಡೀತಾವೇನ್ರಿ?

ಕರಿಕೋಟು_ಬಾಗಲಕೋಟೆ

2007, 2017, 2019ರ ಕಾಯ್ದೆಗಳು ಕೇಂದ್ರದವು, ಗಡಿ ದಾಟಿದರೂ ನಡೆಯುತ್ತವೆ. ನಾಮನಿರ್ದೇಶನ ಪತ್ರದ ಮರಾಠಿ ಅನುವಾದ ಒಂದು ಹಚ್ಚಿಡಿ. ನಡೆಯದಿರುವುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅದರಡಿ ಡಿಸಿಗೆ ಕೊಡುವ ದೂರು ಮಿರಜಿನ ಆಸ್ಪತ್ರೆಗೆ ತಾಗುವುದಿಲ್ಲ. ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರಕ್ಕೆ ಮಾತ್ರ ವಾಸದ ಜಿಲ್ಲೆಯ ಡಿಸಿಗೇ ಅರ್ಜಿ. 2020ರ ನಿಯಮದಲ್ಲಿ ಆ ಜಿಲ್ಲೆಯಲ್ಲಿ 12 ತಿಂಗಳು ಸತತ ವಾಸ ಕೇಳಿದೆ. ಆದ್ದರಿಂದ ಆಶ್ರಮಕ್ಕಾಗಿ ಜಿಲ್ಲೆ ಬದಲಿಸುವ ಮೊದಲೇ ಹಾಕಿಬಿಡಿ, ಹಾಕುವ ದಿನ ನಿಯಮಕ್ಕೆ ತಿದ್ದುಪಡಿ ಬಂದಿದೆಯೇ ಎಂದು ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ.

ವಾರ್ಡ್_ಸಿಸ್ಟರ್

ಒಂದು ಉಳಿಯಿತು. ತೀರಿಕೊಂಡ ಮೇಲೆ ದೇಹ ಯಾರಿಗೆ? ಹತ್ತಿರದ ಸಂಬಂಧಿಕರು ಇಲ್ಲದಾಗ ಸಂಗಾತಿ ದೇಹ ಕೇಳಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2024ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಪತ್ರ ಬರೆದಿದೆ. ಸಂಬಂಧಿಕರು ಬಂದು ನಿಂತರೆ ಆ ಪತ್ರದ ಬಲ ಸಾಲದು. ಆದ್ದರಿಂದ ಪ್ರತ್ಯೇಕ ಹಾಳೆ ಬರೆಸಿ. ಮೃತ್ಯುಪತ್ರದಲ್ಲಿ ಮಾತ್ರ ಬರೆದರೆ ಅದನ್ನು ತೆಗೆದು ಓದುವುದು ಹದಿಮೂರನೇ ದಿನ. ಹೂಳಬೇಕೋ ಸುಡಬೇಕೋ, ಯಾವ ರುದ್ರಭೂಮಿ, ಯಾರು ಮುಂದೆ ನಿಲ್ಲಬೇಕು, ಸೀರೆಯೋ ಧೋತರವೋ, ಕಲ್ಲಿನ ಮೇಲೆ ಯಾವ ಹೆಸರು, ಇಷ್ಟನ್ನೂ ಬರೆದು ಇಬ್ಬರು ಸಾಕ್ಷಿ ಹಾಕಿಸಿ.

ಘಟಪ್ರಭಾ_ದಂಡಿ

ಈ ಎಲ್ಲಾ ಕಾಗದ ಎಲ್ಲಿ ಇಡಬೇಕ್ರಿ ಸಿಸ್ಟರ್? ಮಂದಿ ಟ್ರಂಕಿನ್ಯಾಗ ಇಟ್ಟು ಕೀಲಿ ಸೊಂಟಕ್ಕ ಕಟಗೋತಾರ.

ವಾರ್ಡ್_ಸಿಸ್ಟರ್

ಮೂಲ ಪ್ರತಿಗಳು ಸಂಗಾತಿಯ ಬಳಿ ಅಥವಾ ಬ್ಯಾಂಕ್ ಲಾಕರಿನಲ್ಲಿ, ಲಾಕರ್ ಇಬ್ಬರ ಹೆಸರಲ್ಲಿರಲಿ. ಆಶ್ರಮದ ಕಚೇರಿಯಲ್ಲಿ ನಕಲಿನ ಒಂದು ಲಕೋಟೆ, ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ. ಅದರಲ್ಲಿ ಪ್ರತಿನಿಧಿಯ ನೇಮಕ ಪತ್ರ, ಲಿವಿಂಗ್ ವಿಲ್, ಅಂತ್ಯಸಂಸ್ಕಾರದ ಹಾಳೆ, ಆಧಾರ್ ನಕಲು, ಔಷಧಿ ಪಟ್ಟಿ. ಮೃತ್ಯುಪತ್ರದ ನಕಲು ಆ ಲಕೋಟೆಗೆ ಹಾಕಬೇಡಿ, ಆಸ್ತಿ ಯಾರಿಗೆ ಅಂತ ಆಶ್ರಮದವರಿಗೆ ತಿಳಿಯಬೇಕಾಗಿಲ್ಲ. ಔಷಧಿ ಬದಲಾದಾಗಲೆಲ್ಲ ಪಟ್ಟಿ ಬದಲಿಸಿ, ತಾರೀಖು ಹಾಕಿ, ಹಳೆಯದನ್ನು ಹರಿದುಹಾಕಿ. ಎರಡು ಪಟ್ಟಿ ಇದ್ದರೆ ರಾತ್ರಿ ಪಾಳಿಯವರು ಹಳೆಯದನ್ನೇ ಹಿಡಿಯುತ್ತಾರೆ.